ದೇವರ ಮಾತು, ದೆವ್ವದ ಮಾತು: ಉಕ್ತಿಯೊಂದನ್ನು ವೇದಿಕೆಗೆ ಒಯ್ಯುವ ಮುನ್ನ

ದೀಪಾವಳಿಯಿಂದ, ಮೇ ತಿಂಗಳ ಕೊನೆಗೆ ಉತ್ಸವಗಳು ಮುಗಿಯುವ ಪತ್ತನಾಜೆಯವರೆಗೆ ಕಾಸರಗೋಡಿನ ಕನ್ನಡ ಊರುಗಳಲ್ಲಿ ವೇದಿಕೆಗಳಿಗೆ ಬಿಡುವಿಲ್ಲ. ಒಂದೆಡೆ ದೇವಸ್ಥಾನದ ಬ್ರಹ್ಮಕಲಶದ ಧಾರ್ಮಿಕ ಸಭೆ, ಇನ್ನೊಂದೆಡೆ ದೈವಗಳ ನೇಮ, ಕಳಿಯಾಟ, ಉರೂಸ್, ಇಗರ್ಜಿಯ ಹಬ್ಬ. ನಡುವೆ ಶಾಲಾ ಕಲೋತ್ಸವದ ಕನ್ನಡ ಭಾಷಣ ಸ್ಪರ್ಧೆ. ಎಲ್ಲ ಕಡೆಯೂ ದೇವರ ಕುರಿತ ಒಂದು ಪ್ರಸಿದ್ಧ ಮಾತು ಬಂದೇ ಬರುತ್ತದೆ: ಆಮಂತ್ರಣ ಪತ್ರಿಕೆಯ ತಲೆಯಲ್ಲಿ, ಸ್ಮರಣ ಸಂಚಿಕೆಯ ಮೊದಲ ಪುಟದಲ್ಲಿ, ಫ್ಲೆಕ್ಸಿನಲ್ಲಿ, ಸ್ವಾಗತ ಭಾಷಣದ ಆರಂಭದಲ್ಲಿ. ಕೆಳಗೆ ಬಸವಣ್ಣ, ಗಾಂಧೀಜಿ, ಐನ್‌ಸ್ಟೈನ್ ಎಂದು ಯಾರದಾದರೂ ಹೆಸರೂ ಇರುತ್ತದೆ. ಹೆಸರು ಸರಿಯೇ, ಮಾತು ಪೂರ್ತಿಯೇ, ಆ ಸಭೆಗೆ ಅದು ಸಲ್ಲುವುದೇ ಎಂದು ನೋಡುವವರು ಕಡಿಮೆ.

ದೇವರ ಬಗ್ಗೆ ಆಡುವ ಮಾತಿಗೆ ಬೇರೆ ಮಾತಿಗಿಂತ ಹೆಚ್ಚಿನ ಎಚ್ಚರ ಬೇಕು. ಕೇಳುಗರು ಅದನ್ನು ಪ್ರಶ್ನಿಸದೆ ಒಪ್ಪಿಕೊಂಡು ಮನೆಗೆ ಒಯ್ಯುತ್ತಾರೆ, ಮಕ್ಕಳಿಗೆ ಹೇಳುತ್ತಾರೆ. ಶಿಕ್ಷಕರು, ಸ್ಪರ್ಧೆಗೆ ಮಕ್ಕಳನ್ನು ಸಿದ್ಧಗೊಳಿಸುವ ಹೆತ್ತವರು, ಉತ್ಸವ ಸಮಿತಿಯವರು, ಹೊಸದಾಗಿ ಭಾಷಣಕ್ಕೆ ನಿಲ್ಲುವವರು ಇವರೆಲ್ಲ ಉಕ್ತಿಯೊಂದನ್ನು ಆರಿಸಿಕೊಂಡ ಮೇಲೆ ಮಾಡಬೇಕಾದ ಕೆಲಸವನ್ನು ಇಲ್ಲಿ ಕ್ರಮವಾಗಿ ಹೇಳಿದ್ದೇನೆ.

ಮೊದಲ ಹೆಜ್ಜೆ: ಅಂಕಿತ ನೋಡಿ

ವಚನ, ಕೀರ್ತನೆಗಳ ವಿಷಯದಲ್ಲಿ ನಮಗೊಂದು ಭಾಗ್ಯವಿದೆ. ಬರೆದವರು ಕೊನೆಯಲ್ಲಿ ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟು ಹೋಗಿದ್ದಾರೆ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣ, ಗುಹೇಶ್ವರ ಎಂದಿದ್ದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿ, ರಾಮನಾಥ ಎಂದಿದ್ದರೆ ಜೇಡರ ದಾಸಿಮಯ್ಯ, ಕಪಿಲಸಿದ್ಧಮಲ್ಲಿಕಾರ್ಜುನ ಎಂದಿದ್ದರೆ ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮ. ಕೂಡಲಚೆನ್ನಸಂಗಮದೇವ ಎಂದಿದ್ದರೆ ಅದು ಚೆನ್ನಬಸವಣ್ಣನದು; ಅವಸರದಲ್ಲಿ ಓದಿದವರು ಅದನ್ನೂ ಬಸವಣ್ಣನ ಹೆಸರಿಗೆ ಬರೆದುಬಿಡುತ್ತಾರೆ. ದಾಸರಲ್ಲಿ ಪುರಂದರವಿಠಲ, ಕಾಗಿನೆಲೆಯಾದಿಕೇಶವ ಎಲ್ಲರಿಗೂ ಗೊತ್ತು. ಹಯವದನ ಎಂದರೆ ವಾದಿರಾಜರು, ರಂಗವಿಠಲ ಎಂದರೆ ಶ್ರೀಪಾದರಾಜರು, ವಿಜಯವಿಠಲ ಎಂದರೆ ವಿಜಯದಾಸರು.

ಇದರಿಂದ ಹೊರಡುವ ನಿಯಮ ಸರಳ: ಅಂಕಿತವಿಲ್ಲದ ತುಣುಕು ಕೈಗೆ ಸಿಕ್ಕಿದರೆ ಅಂಕಿತ ಸಿಗುವವರೆಗೆ ಹುಡುಕಬೇಕು. ‘ಕಾಯಕವೇ ಕೈಲಾಸ’ ಎಂಬುದನ್ನೇ ನೋಡಿ. ಎಷ್ಟು ಶಾಲೆಗಳ ಗೋಡೆಗಳಲ್ಲಿ, ಎಷ್ಟು ಕಚೇರಿಗಳ ಫಲಕಗಳಲ್ಲಿ ಅದರ ಕೆಳಗೆ ಬಸವಣ್ಣನ ಹೆಸರಿದೆ! ಆ ಮಾತು ಬರುವ ವಚನ ಆಯ್ದಕ್ಕಿ ಮಾರಯ್ಯನದು. ‘ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು, ಲಿಂಗಪೂಜೆಯಾದಡೂ ಮರೆಯಬೇಕು’ ಎಂದು ಅದು ಶುರುವಾಗುತ್ತದೆ, ಅಮರೇಶ್ವರಲಿಂಗ ಎಂಬ ಅಂಕಿತದೊಂದಿಗೆ ಮುಗಿಯುತ್ತದೆ. ಬೀದಿಯಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದವನು ಆಡಿದ ಮಾತು ಅದು. ಹೆಸರು ಬದಲಾದರೆ ನಷ್ಟ ಯಾರಿಗೆಂದು ಕೇಳುವವರಿದ್ದಾರೆ. ನಷ್ಟ ಮಾರಯ್ಯನಿಗೆ. ಪೂಜೆಗಿಂತ ದುಡಿಮೆ ದೊಡ್ಡದೆಂದು ಹೇಳುವ ಧೈರ್ಯ ಒಬ್ಬ ಕೂಲಿಯವನಿಗಿತ್ತು ಎಂಬುದು ಸಭೆಗೆ ಗೊತ್ತಾಗಬೇಕು. ಕಾಯಕದ ತತ್ತ್ವವನ್ನು ಬಸವಣ್ಣನವರೂ ಬಾಳಿದರು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಸಾಲಿನ ಕೆಳಗೆ ಬರೆಯಬೇಕಾದ ಹೆಸರು ಮಾರಯ್ಯನದೇ.

ಹುಡುಕುವ ಬಗೆ ಹೀಗೆ. ವಚನದ ಎಲ್ಲಕ್ಕಿಂತ ಅಪರೂಪದ ಎರಡು ಪದಗಳನ್ನು ಆರಿಸಿಕೊಳ್ಳಿ. ‘ದೇವ’, ‘ಅಯ್ಯಾ’ ಎಂದು ಹುಡುಕಿದರೆ ಸಾವಿರ ವಚನಗಳು ಮೇಲೇಳುತ್ತವೆ. ಕರ್ನಾಟಕ ಸರ್ಕಾರ 15 ಸಂಪುಟಗಳಲ್ಲಿ ಪ್ರಕಟಿಸಿದ ಸಮಗ್ರ ವಚನ ಸಂಪುಟದ ಕೊನೆಗೆ ಅಕಾರಾದಿ ಸೂಚಿ ಇರುತ್ತದೆ. ವಚನದ ಮೊದಲ ಪದ ಗೊತ್ತಿದ್ದರೆ ಪುಟ ಸಿಕ್ಕುತ್ತದೆ. ಅಂತರ್ಜಾಲದಲ್ಲಿ ‘ವಚನ ಸಂಚಯ’ದಲ್ಲಿ ನಡುವಿನ ಪದದಿಂದಲೂ ಹುಡುಕಬಹುದು. ಅಲ್ಲಿ ‘ಆದರೆ’ ಸಿಗದಿದ್ದರೆ ‘ಆದಡೆ’ ಎಂದು ಹಾಕಿ ನೋಡಿ. ಹಳೆಯ ರೂಪಗಳೇ ಅಲ್ಲಿ ಹೆಚ್ಚು.

‘ಸರ್ವಜ್ಞ’ ಮತ್ತು ‘ಮಂಕುತಿಮ್ಮ’ ಎಂಬ ಕೊನೆಯ ಪದಗಳನ್ನು ಮಾತ್ರ ಅಂಕಿತವಿದೆಯಲ್ಲ ಎಂದು ನಂಬಬೇಡಿ. ಯಾರು ಬೇಕಾದರೂ ನಾಲ್ಕು ಸಾಲು ಹೊಸೆದು ಬಾಲಕ್ಕೆ ಅವನ್ನು ಕಟ್ಟಬಹುದು, ಕಟ್ಟುತ್ತಲೂ ಇದ್ದಾರೆ. ಡಿ.ವಿ.ಜಿ.ಯವರ ಕಗ್ಗ 1943ರಲ್ಲಿ ಅಚ್ಚಾಯಿತು, ಅದರಲ್ಲಿ 945 ಪದ್ಯಗಳು, ಪ್ರತಿಯೊಂದಕ್ಕೂ ಸಂಖ್ಯೆಯುಂಟು. ಕಳುಹಿಸಿದವರನ್ನು ಸಂಖ್ಯೆ ಕೇಳಿ. ಸಂಖ್ಯೆ ಬರದಿದ್ದರೆ ಆ ಪದ್ಯವನ್ನು ಬದಿಗಿಡಿ.

ಎರಡನೆಯ ಹೆಜ್ಜೆ: ಪೂರ್ತಿ ಓದಿ, ಗಟ್ಟಿಯಾಗಿ ಓದಿ

ಅತಿ ಹೆಚ್ಚು ಅನ್ಯಾಯವಾಗುವುದು ಇಲ್ಲಿ. ‘ದೇವನೊಬ್ಬ ನಾಮ ಹಲವು’ ಎಂಬ ಸಾಲು ಸೌಹಾರ್ದ ಸಭೆಗಳ ಬ್ಯಾನರುಗಳಲ್ಲಿ ಖಾಯಂ. ದೇವಸ್ಥಾನ, ಮಸೀದಿ, ಇಗರ್ಜಿಗಳ ಚಿತ್ರಗಳ ನಡುವೆ ಅದನ್ನು ಬರೆಸುತ್ತಾರೆ. ಬಸವಣ್ಣನ ಆ ವಚನ ಹೀಗೆ ಮುಂದುವರಿಯುತ್ತದೆ: ‘ಪರಮ ಪತಿವ್ರತೆಗೆ ಗಂಡನೊಬ್ಬ, ಮತ್ತೊಂದಕ್ಕೆರಗಿದಡೆ ಕಿವಿ ಮೂಗ ಕೊಯ್ವನು. ಹಲವು ದೈವದ ಎಂಜಲ ತಿಂಬವರನೇನೆಂಬೆ, ಕೂಡಲಸಂಗಮದೇವಾ.’ ಇದು ಏಕನಿಷ್ಠೆಯ ಕಟು ಮಾತು. ಎಲ್ಲರ ದೇವರೂ ಸರಿ ಎಂದು ಹೇಳಲು ಹೊರಟವರು ತಮಗೆ ತಿಳಿಯದೆಯೇ ಹಲವು ದೈವಗಳನ್ನು ಪೂಜಿಸುವವರನ್ನು ಬೈಯುವ ವಚನದ ತಲೆಯನ್ನು ಕತ್ತರಿಸಿ ತೂಗುಹಾಕಿದಂತಾಗುತ್ತದೆ. ಅದೇ ಊರಿನಲ್ಲಿ ನಾಗನ ಕಟ್ಟೆ, ಗುಳಿಗನ ಕಲ್ಲು, ಪಂಜುರ್ಲಿಯ ಸ್ಥಾನ, ರಕ್ತೇಶ್ವರಿಯ ಕಟ್ಟೆ ಎಲ್ಲಕ್ಕೂ ಕೈಮುಗಿಯುವ ಜನ ಮುಂದೆ ಕುಳಿತಿರುತ್ತಾರೆ. ಸೌಹಾರ್ದಕ್ಕೇ ಮಾತು ಬೇಕಿದ್ದರೆ ಋಗ್ವೇದದ ‘ಏಕಂ ಸದ್ವಿಪ್ರಾ ಬಹುಧಾ ವದಂತಿ’ ಇದೆ, ಮೊದಲ ಮಂಡಲದ 164ನೆಯ ಸೂಕ್ತದ 46ನೆಯ ಮಂತ್ರ. ಸತ್ಯ ಒಂದೇ, ಬಲ್ಲವರು ಅದನ್ನು ಹಲವು ಬಗೆಯಲ್ಲಿ ಹೇಳುತ್ತಾರೆ ಎಂಬ ಅರ್ಥ ಆ ಸಭೆಗೆ ನೇರವಾಗಿ ಹೊಂದುತ್ತದೆ.

‘ಉಳ್ಳವರು ಶಿವಾಲಯವ ಮಾಡುವರು’ ವಚನಕ್ಕೂ ಇದೇ ಗತಿ. ಬ್ರಹ್ಮಕಲಶದ ಆಮಂತ್ರಣದಲ್ಲಿ ದಾನಿಗಳ ಪಟ್ಟಿಯ ಮೇಲ್ಗಡೆ ‘ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರ ಹೊನ್ನ ಕಳಶವಯ್ಯಾ’ ಎಂದು ಮಾತ್ರ ಅಚ್ಚು ಹಾಕಿದರೆ ಕಳಶದ ಹೆಸರು ಬಂತಲ್ಲ ಎಂಬ ತೃಪ್ತಿ ಸಿಗಬಹುದು. ವಚನದ ಜೀವ ಇರುವುದು ಕೊನೆಯ ಸಾಲಿನಲ್ಲಿ: ‘ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ.’ ಕಟ್ಟಡ ಅಳಿಯುತ್ತದೆ ಎಂದು ಹೇಳುವ ವಚನವನ್ನು ಕಟ್ಟಡದ ಹಬ್ಬದಲ್ಲಿ ಹೇಳಬಾರದೆಂದು ನಾನು ಅನ್ನುವುದಿಲ್ಲ. ಹೇಳುವುದಾದರೆ ಕೊನೆಯವರೆಗೆ ಹೇಳಿ. ಜೀರ್ಣೋದ್ಧಾರಕ್ಕೆ ದುಡಿದ ಕೈಗಳು, ಕಲ್ಲು ಹೊತ್ತ ಬೆನ್ನುಗಳು ಆ ಕೊನೆಯ ಸಾಲನ್ನು ಕೇಳಲು ಅರ್ಹವಾಗಿವೆ.

ಪರದೇಶದ ಮಾತುಗಳಿಗೂ ಇದು ಸಲ್ಲುತ್ತದೆ. ‘ಧರ್ಮ ಜನರ ಅಫೀಮು’ ಎಂಬ ಕಾರ್ಲ್ ಮಾರ್ಕ್ಸ್‌ನ ಮಾತು ನಮ್ಮ ಜಿಲ್ಲೆಯ ರಾಜಕೀಯ ವೇದಿಕೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಕೇಳಿಬರುತ್ತದೆ. 1844ರಲ್ಲಿ ಅಚ್ಚಾದ ಆ ಬರಹದಲ್ಲಿ ಅದಕ್ಕೆ ತಾಗಿಕೊಂಡೇ ಇರುವ ಮಾತು: ಧರ್ಮವು ತುಳಿತಕ್ಕೊಳಗಾದ ಜೀವಿಯ ನಿಟ್ಟುಸಿರು, ಹೃದಯವಿಲ್ಲದ ಜಗತ್ತಿನ ಹೃದಯ. ಇದನ್ನೂ ಸೇರಿಸಿ ಓದಿದರೆ ಒಪ್ಪುವವರ ಒಪ್ಪಿಗೆಯೂ ಖಂಡಿಸುವವರ ಖಂಡನೆಯೂ ಹೆಚ್ಚು ಪ್ರಾಮಾಣಿಕವಾಗುತ್ತದೆ. ‘ದೇವರು ಇರದಿದ್ದರೆ ಅವನನ್ನು ಸೃಷ್ಟಿಸಿಕೊಳ್ಳಬೇಕಾಗುತ್ತಿತ್ತು’ ಎಂದು ವಾಲ್ಟೇರ್ 18ನೆಯ ಶತಮಾನದಲ್ಲಿ ಬರೆದದ್ದು ನಾಸ್ತಿಕ ಗ್ರಂಥವೊಂದನ್ನು ಎದುರಿಸುವ ಪದ್ಯದಲ್ಲಿ; ಇಂದು ಅದನ್ನು ಬಳಸುವವರಲ್ಲಿ ಹೆಚ್ಚಿನವರು ನಾಸ್ತಿಕವಾದದ ಪರವಾಗಿ ಬಳಸುತ್ತಾರೆ.

ಮೂರನೆಯ ಹೆಜ್ಜೆ: ಯಾರ ಬಾಯಿಂದ ಬಂದ ಮಾತು ಎಂದು ಕೇಳಿ

ಈ ವಿಷಯವನ್ನು ಕಾಸರಗೋಡಿನವರಿಗೆ ವಿವರಿಸುವುದು ಸುಲಭ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇದು, ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪಾತ್ರ ಕಟ್ಟುವ ತಾಳಮದ್ದಳೆಯನ್ನು ಕೇಳಿ ಬೆಳೆದ ನಾಡು. ಶೇಣಿ ಗೋಪಾಲಕೃಷ್ಣ ಭಟ್ಟರು ರಾವಣನಾಗಿ ಅರ್ಥ ಹೇಳಿದಾಗ ಸಭೆ ತಲೆದೂಗುತ್ತಿತ್ತು. ಅದು ಶೇಣಿಯವರ ಸ್ವಂತ ಧರ್ಮಾಭಿಪ್ರಾಯವೆಂದು ಯಾರೂ ತಿಳಿಯುತ್ತಿರಲಿಲ್ಲ. ಪಾತ್ರವಾಗಿ ಮಾತಾಡುವ ಅರ್ಥಧಾರಿಯೂ ಪಾತ್ರವೂ ಬೇರೆ ಎಂಬ ಈ ತಿಳಿವಳಿಕೆಯನ್ನು ಪುಸ್ತಕಗಳ ಮಾತಿಗೂ ಅನ್ವಯಿಸಿ.

‘ಸ್ವರ್ಗದಲ್ಲಿ ಊಳಿಗ ಮಾಡುವುದಕ್ಕಿಂತ ನರಕದಲ್ಲಿ ಆಳುವುದು ಮೇಲು’ ಎಂಬುದನ್ನು ಮಿಲ್ಟನ್‌ನ ಸಂದೇಶವೆಂದು ಯುವಕರ ಸಭೆಯಲ್ಲಿ ಹೇಳುವವರಿದ್ದಾರೆ. 1667ರ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯದಲ್ಲಿ ಅದನ್ನು ಹೇಳುವವನು ಸೈತಾನ, ದೇವರಿಗೆದುರಾಗಿ ಸೋತು ಪಾತಾಳಕ್ಕೆ ಬಿದ್ದ ಮೇಲೆ. ಮಿಲ್ಟನ್ ಕಟ್ಟಾ ಕ್ರೈಸ್ತ. ನೀತ್ಶೆಯ ‘ದೇವರು ಸತ್ತಿದ್ದಾನೆ’ 1882ರ ಪುಸ್ತಕದಲ್ಲಿ ಹಗಲಲ್ಲಿ ಲಾಂದ್ರ ಹಿಡಿದು ಸಂತೆಗೆ ಓಡಿಬರುವ ಹುಚ್ಚನೊಬ್ಬನ ಕೂಗು. ‘ಅವನನ್ನು ಕೊಂದವರು ನಾವು, ನೀವೂ ನಾನೂ’ ಎಂದು ಅವನು ಸೇರಿಸುತ್ತಾನೆ. ಅಲ್ಲಿರುವುದು ಗೆದ್ದವನ ನಗುವಿಗಿಂತ ಹೆಚ್ಚಾಗಿ ದಿಗಿಲು.

ದೆವ್ವದ ಮಾತುಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಷೇಕ್ಸ್‌ಪಿಯರ್‌ನ ವೆನಿಸ್ಸಿನ ವ್ಯಾಪಾರಿಯ ಮೊದಲ ಅಂಕದ ಮೂರನೆಯ ದೃಶ್ಯದಲ್ಲಿ ಆಂಟೋನಿಯೋ ಹೇಳುವುದು: ಸೈತಾನನೂ ತನ್ನ ಕೆಲಸಕ್ಕೆ ಬೇಕಾದಾಗ ಧರ್ಮಗ್ರಂಥವನ್ನು ಎತ್ತಿ ಹೇಳಬಲ್ಲ. ಇದರ ಹಿಂದೆ ಬೈಬಲಿನ ಪ್ರಸಂಗವಿದೆ. ಮತ್ತಾಯನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಸೈತಾನನು ಯೇಸುವನ್ನು ದೇವಾಲಯದ ಶಿಖರದಲ್ಲಿ ನಿಲ್ಲಿಸಿ ‘ಕೆಳಗೆ ಧುಮುಕು, ದೇವದೂತರು ಎತ್ತಿಕೊಳ್ಳುತ್ತಾರೆ ಎಂದು ಬರೆದಿದೆಯಲ್ಲ’ ಎನ್ನುತ್ತಾನೆ. ಆ ಬರೆದದ್ದು 91ನೆಯ ಕೀರ್ತನೆಯಲ್ಲಿ ನಿಜವಾಗಿಯೂ ಇದೆ. ಉಕ್ತಿ ಸರಿ, ಆಕರ ಸರಿ, ಉದ್ದೇಶ ಕೆಟ್ಟದ್ದು. ಯೇಸು ಇನ್ನೊಂದು ವಾಕ್ಯದಿಂದ ಉತ್ತರಿಸುತ್ತಾನೆ: ನಿನ್ನ ದೇವರನ್ನು ಪರೀಕ್ಷಿಸಬೇಡ ಎಂದೂ ಬರೆದಿದೆ. ಭಾಷಣ ಮಾಡುವ ಮಕ್ಕಳಿಗೆ ಈ ಪ್ರಸಂಗವನ್ನು ಹೇಳಿಕೊಡಿ, ಅವರು ಯಾವ ಧರ್ಮದವರೇ ಆಗಿರಲಿ. ಉಕ್ತಿಯನ್ನು ಅಳೆಯುವ ಬಗೆಯನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಕಥೆ ನನಗೆ ಸಿಕ್ಕಿಲ್ಲ.

ನಾಲ್ಕನೆಯ ಹೆಜ್ಜೆ: ಆಕರಕ್ಕೆ ಹೋಗಿ ತಡಕಿ

ಧರ್ಮಗ್ರಂಥದ ಮಾತು ಎಂದರೆ ಅಧ್ಯಾಯ, ಶ್ಲೋಕ ಅಥವಾ ವಾಕ್ಯದ ಸಂಖ್ಯೆ ಇರಲೇಬೇಕು. ಸಂಖ್ಯೆ ಕೊಡಲಾಗದ ‘ಗೀತೆಯ ಮಾತು’ ಹೆಚ್ಚಿನ ಸಲ ಗೀತೆಯದಾಗಿರುವುದಿಲ್ಲ. ಅಂಗಡಿಗಳಲ್ಲಿ, ಬಸ್ಸುಗಳಲ್ಲಿ ‘ಗೀತಾಸಾರ’ ಎಂದು ತೂಗುವ ‘ಆದದ್ದೆಲ್ಲ ಒಳ್ಳೆಯದೇ ಆಗಿದೆ, ಆಗುತ್ತಿರುವುದೂ ಒಳ್ಳೆಯದೇ ಆಗುತ್ತಿದೆ’ ಎಂಬುದಕ್ಕೆ ಗೀತೆಯ 18 ಅಧ್ಯಾಯಗಳಲ್ಲಿ ಎಲ್ಲಿಯೂ ಶ್ಲೋಕವಿಲ್ಲ. ದುಃಖದಲ್ಲಿರುವವರಿಗೆ ಅದರಿಂದ ಸಮಾಧಾನ ಸಿಕ್ಕಿದ್ದರೆ ಆ ಸಮಾಧಾನವನ್ನು ಕಸಿಯಲು ನನಗೆ ಮನಸ್ಸಿಲ್ಲ; ಕೃಷ್ಣನ ಹೆಸರು ಹಾಕಿ ಅಚ್ಚು ಮಾಡಿಸಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ. ಭರವಸೆಯ ಮಾತು ಬೇಕಾದವರಿಗೆ 9ನೆಯ ಅಧ್ಯಾಯದ 22ನೆಯ ಶ್ಲೋಕವಿದೆ, ‘ಯೋಗಕ್ಷೇಮಂ ವಹಾಮ್ಯಹಮ್’ ಎಂದು ಮುಗಿಯುವುದು. ಮನೆಯ ಸಣ್ಣ ಪೂಜೆಗೆ ಅದೇ ಅಧ್ಯಾಯದ 26ನೆಯದು, ‘ಪತ್ರಂ ಪುಷ್ಪಂ ಫಲಂ ತೋಯಂ’.

ಬೈಬಲಿನದೆಂದು ಹೇಳುವ ‘ತನಗೆ ತಾನು ಸಹಾಯ ಮಾಡಿಕೊಳ್ಳುವವನಿಗೆ ದೇವರು ಸಹಾಯ ಮಾಡುತ್ತಾನೆ’ ಬೈಬಲಿನಲ್ಲಿಲ್ಲ. ಕೆಸರಲ್ಲಿ ಹೂತ ಗಾಡಿಗೆ ಹೆಗಲು ಕೊಡದೆ ಹರ್ಕ್ಯುಲೀಸ್ ದೇವನನ್ನು ಕೂಗಿದವನ ಈಸೋಪನ ಕಥೆಯ ತಿರುಳು ಅದು. 1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಪಂಚಾಂಗದಲ್ಲಿ ಅಚ್ಚು ಹಾಕಿ ಹರಡಿದ. ಇದಕ್ಕೆ ಹತ್ತಿರದ ಮಾತೊಂದು ತಿರ್ಮಿದಿ ಸಂಗ್ರಹದ ಹದೀಸಿನಲ್ಲಿದೆ. ಒಂಟೆಯನ್ನು ಕಟ್ಟದೆ ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದವನಿಗೆ ಪ್ರವಾದಿಯವರು ಹೇಳಿದರು: ಅದನ್ನು ಕಟ್ಟು, ಆಮೇಲೆ ಭರವಸೆ ಇಡು. ಹದೀಸನ್ನು ಹೇಳುವಾಗ ಸಂಗ್ರಹದ ಹೆಸರು, ಕುರ್‌ಆನ್ ವಾಕ್ಯ ಹೇಳುವಾಗ ಅಧ್ಯಾಯ ಮತ್ತು ವಾಕ್ಯದ ಸಂಖ್ಯೆ ಕೊಡುವುದು ರೂಢಿ. ತಳಂಗರೆಯ ಮಾಲಿಕ್ ದೀನಾರ್ ಉರೂಸಿನ ಸೌಹಾರ್ದ ವೇದಿಕೆಗೆ ಹೋಗುವ ಬೇರೆ ಧರ್ಮದ ಭಾಷಣಕಾರರು ಇದನ್ನು ಪಾಲಿಸಿದರೆ ಆತಿಥೇಯರಿಗೆ ಅದು ದೊಡ್ಡ ಗೌರವ.

ಶಾಲೆಗಳ ಬೆಳಗಿನ ಪ್ರಾರ್ಥನೆಯಲ್ಲಿ ‘ಪ್ರಭುವೇ, ನನ್ನನ್ನು ನಿನ್ನ ಶಾಂತಿಯ ಸಾಧನವನ್ನಾಗಿ ಮಾಡು’ ಎಂಬುದು ಸಂತ ಫ್ರಾನ್ಸಿಸ್ ಅಸಿಸಿಯ ಹೆಸರಿನಲ್ಲಿ ನಡೆಯುತ್ತಿದೆ. ಫ್ರಾನ್ಸಿಸ್ ತೀರಿಕೊಂಡದ್ದು 1226ರಲ್ಲಿ. ಆ ಪ್ರಾರ್ಥನೆ ಮೊದಲು ಕಾಣಿಸಿಕೊಂಡದ್ದು 1912ರಲ್ಲಿ, ಫ್ರಾನ್ಸಿನ ಒಂದು ಸಣ್ಣ ಪತ್ರಿಕೆಯಲ್ಲಿ, ಕರ್ತೃವಿನ ಹೆಸರಿಲ್ಲದೆ. ಪ್ರಾರ್ಥನೆಯನ್ನು ಬಿಡಬೇಕಿಲ್ಲ. ‘ಸಂತ ಫ್ರಾನ್ಸಿಸ್ಸರ ಹೆಸರಿನಲ್ಲಿ ಪ್ರಸಿದ್ಧವಾದ ಪ್ರಾರ್ಥನೆ’ ಎಂದು ಬರೆದರೆ ಸುಳ್ಳಾಗದು.

‘ಪ್ರಾರ್ಥಿಸುವ ತುಟಿಗಳಿಗಿಂತ ಸೇವೆ ಮಾಡುವ ಕೈಗಳು ಮೇಲು’ ಎಂಬುದನ್ನು ಮದರ್ ತೆರೇಸಾ ಅವರ ಚಿತ್ರದ ಕೆಳಗೆ ಕಾಣುತ್ತೇವೆ. ಆ ಸಾಲು ಅಮೆರಿಕದ ರಾಬರ್ಟ್ ಇಂಗರ್ಸಾಲ್‌ನದು. ಆತ ದೇವರಿದ್ದಾನೆಂದು ಯಾರಿಗೂ ತಿಳಿಯದು ಎಂದು ಊರೂರು ಸುತ್ತಿ ಭಾಷಣ ಮಾಡಿದವನು, 1899ರಲ್ಲಿ ತೀರಿಕೊಂಡವನು. ನಂಬದವನ ಮಾತನ್ನು ನಂಬಿದವರು ಇಷ್ಟು ಪ್ರೀತಿಯಿಂದ ಬಳಸುತ್ತಿದ್ದಾರೆಂಬುದು ಚೆಂದದ ಸಂಗತಿ. ಅದನ್ನು ಹೇಳಿಯೇ ಬಳಸಿ, ಮಾತಿನ ತೂಕ ಹೆಚ್ಚುತ್ತದೆ.

ಐನ್‌ಸ್ಟೈನ್‌ನ ‘ದೇವರು ದಾಳ ಉರುಳಿಸುವುದಿಲ್ಲ’ ನಿಜವಾದ ಮಾತೇ. 1926ರ ಡಿಸೆಂಬರಿನಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್‌ಗೆ ಬರೆದ ಕಾಗದದಲ್ಲಿ ಅದು ಬರುತ್ತದೆ. ವಿಷಯ ಕ್ವಾಂಟಂ ಸಿದ್ಧಾಂತ, ಪೂಜೆ ಪುನಸ್ಕಾರಕ್ಕೂ ಅದಕ್ಕೂ ಸಂಬಂಧವಿಲ್ಲ. 1929ರಲ್ಲಿ ನೇರವಾಗಿ ಕೇಳಿದಾಗ, ಇರುವುದೆಲ್ಲದರ ಸಾಮರಸ್ಯದಲ್ಲಿ ಕಾಣಿಸುವ ಸ್ಪಿನೋಜನ ದೇವರನ್ನು ನಂಬುತ್ತೇನೆ, ಮನುಷ್ಯರ ಆಗುಹೋಗುಗಳಲ್ಲಿ ತಲೆಹಾಕುವ ದೇವರನ್ನಲ್ಲ ಎಂದು ಆತ ಉತ್ತರಿಸಿದ. ವಿಜ್ಞಾನಿಗಳೂ ದೈವಭಕ್ತರೇ ಎಂದು ತೋರಿಸಲು ಈ ಸಾಲನ್ನು ತರುವವರು ಎರಡನೆಯದನ್ನೂ ಓದಿಕೊಳ್ಳಬೇಕು.

ಐದನೆಯ ಹೆಜ್ಜೆ: ಮುಂದೆ ಯಾರು ಕುಳಿತಿದ್ದಾರೆ?

ಸೈತಾನನ ಬಗ್ಗೆ ಆಂಟೋನಿಯೋ ಹೇಳಿದ್ದಕ್ಕೆ ನಮ್ಮಲ್ಲಿ ಸರಿಸಾಟಿಯಾದ ಗಾದೆಯುಂಟು: ಭೂತದ ಬಾಯಲ್ಲಿ ಭಗವದ್ಗೀತೆ. ಧಾರವಾಡದಲ್ಲೋ ಮೈಸೂರಿನಲ್ಲೋ ಯಾವ ಅಳುಕಿಲ್ಲದೆ ಬಳಸಬಹುದು. ನಮ್ಮ ಚಂದ್ರಗಿರಿ ಹೊಳೆಯ ಈಚೆ ದಡದಲ್ಲಿ ಯೋಚಿಸಿ ಬಳಸಬೇಕು. ಇಲ್ಲಿ ಭೂತವೆಂದರೆ ಮನೆ ಕಾಯುವ ದೈವ, ಜಗಳ ತೀರಿಸುವ ನ್ಯಾಯಾಧೀಶ. ಅದರ ಬಾಯಿಂದ ಬರುವ ನುಡಿಯನ್ನು ಜನ ಗೀತೆಯಷ್ಟೇ ಭಕ್ತಿಯಿಂದ ಕೇಳುತ್ತಾರೆ. ನೇಮದ ಅಂಗಳದ ಪಕ್ಕದ ವೇದಿಕೆಯಲ್ಲಿ ಎದುರಾಳಿಯನ್ನು ಹಳಿಯಲು ಆ ಗಾದೆಯನ್ನು ಎತ್ತಿದರೆ ನೋಯುವವರು ಎದುರಾಳಿಗಿಂತ ಮೊದಲು ಕೋಲ ಕಟ್ಟುವ ಕುಟುಂಬದವರು. ಬಸವಣ್ಣನ ‘ಮಡಕೆ ದೈವ, ಮೊರ ದೈವ, ಬೀದಿಯ ಕಲ್ಲು ದೈವ’ ವಚನವನ್ನೂ ಇಲ್ಲಿ ಚರ್ಚೆಯ ಗೋಷ್ಠಿಯಲ್ಲಿ ಹೇಳಬಹುದು, ದೈವಸ್ಥಾನದ ಪ್ರತಿಷ್ಠೆಯ ದಿನ ಹೇಳಬೇಕಾದದ್ದಲ್ಲ.

ಅದಕ್ಕೆ ಬದಲಾಗಿ ಈ ಮಣ್ಣಿನ ದೈವಗಳೇ ಆಡಿದ ಮಾತುಗಳಿವೆ. ಕಣ್ಣೂರು, ಕಾಸರಗೋಡುಗಳಲ್ಲಿ ಕಟ್ಟುವ ಪೊಟ್ಟನ್ ತೆಯ್ಯಂ ಎಂಬ ದೈವಕೋಲದ ತೋಟ್ಟಂ ಹಾಡಿನಲ್ಲಿ, ದಾರಿ ಬಿಡು ಎಂದ ಶಂಕರಾಚಾರ್ಯರಿಗೆ ಚಂಡಾಲನ ವೇಷದ ಶಿವ ಹೇಳುತ್ತಾನೆ: ನಿಮ್ಮನ್ನು ಕಡಿದರೂ ಒಂದೇ ನೆತ್ತರಲ್ಲವೇ, ನಮ್ಮನ್ನು ಕಡಿದರೂ ಒಂದೇ ನೆತ್ತರಲ್ಲವೇ? ಜಾತಿಯ ಬಗ್ಗೆ ದೇವರೇ ಕೇಳಿದ ಪ್ರಶ್ನೆ ಇದು, ಕೆಳಗೆ ತಳ್ಳಲ್ಪಟ್ಟವರು ಕಟ್ಟುವ ಕೋಲದ ಬಾಯಿಂದ ಇಂದಿಗೂ ಹೊರಡುತ್ತದೆ. ಯಾವ ಪರದೇಶದ ಉಕ್ತಿಗೂ ಇದು ಕಡಿಮೆಯಿಲ್ಲ. ಮಲಯಾಳ ಬಲ್ಲವರಿಂದ ಮೂಲವನ್ನು ಕೇಳಿ, ಕನ್ನಡದ ಅರ್ಥದ ಜೊತೆಗೆ ಹೇಳಿ.

ನಾರಾಯಣ ಗುರುಗಳ ‘ಮನುಷ್ಯನಿಗೆ ಒಂದೇ ಜಾತಿ, ಒಂದೇ ಮತ, ಒಂದೇ ದೈವ’ ಅವರ ಜಾತಿನಿರ್ಣಯ ಪದ್ಯದಲ್ಲಿದೆ. ‘ಮನುಷ್ಯನಿಗೆ’ ಎಂಬುದನ್ನು ಬಿಟ್ಟು ಬರೆಯುವ ಚಾಳಿ ಬಂದಿದೆ, ಅದನ್ನು ಬಿಡಬೇಡಿ. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಪ್ರತಿಷ್ಠೆ ಮಾಡಿದ ಗುರುಗಳ ಮಾತು ಗಡಿಯ ಎರಡೂ ಕಡೆಯವರಿಗೆ ಸ್ವಂತ. ಇಗರ್ಜಿಯ ಸಭೆಗೆ ಲೂಕನ ಸುವಾರ್ತೆಯ 23ನೆಯ ಅಧ್ಯಾಯದ ‘ತಂದೆಯೇ, ಅವರನ್ನು ಕ್ಷಮಿಸು’ ಎಂಬ ಪ್ರಾರ್ಥನೆಯನ್ನು ಆರಿಸಿದರೆ, ಕ್ರಿಸ್ತನ ಕೊನೆಯ ದಿನವನ್ನು ಕನ್ನಡದಲ್ಲಿ ಕಾವ್ಯವಾಗಿಸಿದವರು ಮಂಜೇಶ್ವರದ ಗೋವಿಂದ ಪೈಗಳೆಂದು ಒಂದು ವಾಕ್ಯ ಸೇರಿಸಿ. ಅಂಥ ಕವಿ ನಮ್ಮ ಊರಿನವರೆಂದು ಮಕ್ಕಳಿಗೆ ತಿಳಿಯಲಿ.

ಒಂದು ಮಾತನ್ನು ಮಾತ್ರ ಯಾವ ವೇದಿಕೆಗೂ ತರಬೇಡಿ: ನೇಮದಲ್ಲಿ ದೈವ ಒಂದು ಕುಟುಂಬಕ್ಕೆ ಕೊಟ್ಟ ನುಡಿ. ಮೊಬೈಲಿನಲ್ಲಿ ದಾಖಲಾಗಿದೆ, ಚೆನ್ನಾಗಿದೆ ಎಂದು ಅದನ್ನು ಸ್ಮರಣ ಸಂಚಿಕೆಗೆ ಹಾಕುವುದು ಆ ಮನೆಯವರ ಕಣ್ಣೀರನ್ನು ಮಾರಿದಂತೆ.

ಆರನೆಯ ಹೆಜ್ಜೆ: ಅಚ್ಚಿಗೆ ಕೊಡುವಾಗ

ವಚನದ ಸಾಲುಗಳನ್ನು ಮುದ್ರಿತ ಪಾಠದಂತೆಯೇ ಒಡೆಯಿರಿ. ಕೀರ್ತನೆಗಳು ಬಾಯಿಂದ ಬಾಯಿಗೆ ಬಂದವು, ಪಾಠಭೇದ ಇದ್ದೇ ಇರುತ್ತದೆ. ‘ತಲ್ಲಣಿಸದಿರು ಕಂಡ್ಯ ತಾಳು ಮನವೆ’ ಎಂಬ ಕನಕದಾಸರ ಹಾಡನ್ನು ಎರಡು ಪುಸ್ತಕಗಳಿಂದ ಬೆರೆಸದೆ ಒಂದನ್ನೇ ಅನುಸರಿಸಿ. ಅನುವಾದವಾದರೆ ‘ಕನ್ನಡಕ್ಕೆ’ ಎಂದು ಅನುವಾದಿಸಿದವರ ಹೆಸರು ಹಾಕಿ.

‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪು ಮಾಡಿದ್ದನ್ನು ಯೂನಿಕೋಡಿಗೆ ಬದಲಾಯಿಸಿ ಡಿಟಿಪಿಗೆ ಕಳುಹಿಸಿ. ಹಾಗೆಯೇ ಕಳುಹಿಸಿದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ನಮ್ಮ ಜಿಲ್ಲೆಯ ಎಷ್ಟೋ ಮುದ್ರಣಾಲಯಗಳಲ್ಲಿ ಕನ್ನಡ ಓದಲು ಬಾರದವರು ಕನ್ನಡ ಪುಟ ಕಟ್ಟುತ್ತಾರೆ, ಅವರ ತಪ್ಪೇನೂ ಇಲ್ಲ. ಕರಡು ತಿದ್ದುವ ಹೊಣೆ ನಿಮ್ಮದು. ಸ್ಥಾವರ ಸ್ತಾವರವಾಗಿದೆಯೇ, ಗುಹೇಶ್ವರನ ವಕಾರದ ಒತ್ತು ಬಿದ್ದುಹೋಗಿದೆಯೇ, ಅಂಕಿತ ಎರಡು ತುಂಡಾಗಿದೆಯೇ ನೋಡಿ. ಕರಡನ್ನು ಊರಿನ ಕನ್ನಡ ಅಧ್ಯಾಪಕರಿಗೋ ಭಜನಾ ಮಂಡಳಿಯ ಹಿರಿಯರಿಗೋ ಕೊಟ್ಟು ಗಟ್ಟಿಯಾಗಿ ಓದಿಸಿ. ಅವರು ತಡೆದು ನಿಂತ ಪದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಪುಸ್ತಕದ ಜೊತೆ ಹೋಲಿಸಿ, ಅಚ್ಚಿಗೆ ಬಿಡಿ.